ದಾಕ್ಷಾಯಣಮ್ಮನಿಗೊಂದು ಮನೆ

ಈಗಿನ ಬ್ರೋಕರುಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚೇನೂ ಇಲ್ಲ, ಸ್ವಲ್ಪ ನಗು ಬರುತ್ತದೆ ಅಷ್ಟೆ. ಮೊಬೈಲಿನಲ್ಲಿ ಮನೆಯ ಫೋಟೋ ತೋರಿಸುತ್ತಾರೆ, ಕೂತಲ್ಲೇ ಅಡ್ವಾನ್ಸ್ ತರಿಸಿಕೊಳ್ಳುತ್ತಾರೆ, ಬೀಗದ ಕೈ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಾವು ಹಾಗೆ ಮಾಡಿದ್ದರೆ ಊರವರು ನಮ್ಮನ್ನು ಜಗಲಿಗೂ ಸೇರಿಸುತ್ತಿರಲಿಲ್ಲ. ನಾನು ಮನೆ ತೋರಿಸಲು ಹೊರಟರೆ ಒಂದು ಕೈಯಲ್ಲಿ ಬತ್ತಿ ಸ್ಟವ್, ಇನ್ನೊಂದು ಕೈಯಲ್ಲಿ ಹಿತ್ತಾಳೆ ಪಾತ್ರೆ, ಸೊಂಟದಲ್ಲಿ ಬೀಗದ ಕೈಗೊಂಚಲು. ಹಾಲನ್ನು ಮಾತ್ರ ಮನೆ ಬೇಕಾದವರೇ ತರಬೇಕಿತ್ತು. ಆ ಸ್ಟವ್ ಈಗಲೂ ನಮ್ಮ ಅಟ್ಟದ ಮೇಲಿದೆ. ಸೊಸೆ ಎಷ್ಟು ಸಲ ಗುಜರಿಗೆ ಹಾಕಲು ನೋಡಿದಳೋ, ನಾನು ಬಿಟ್ಟಿಲ್ಲ.

ನಮ್ಮೂರಿನ ಮನೆಗಳು ಅಷ್ಟು ಸುಲಭಕ್ಕೆ ಒಪ್ಪುವಂಥವಲ್ಲ. ಮನೆಗೆ ಇಷ್ಟವಾದವರು ಒಲೆಯ ಮುಂದೆ ನಿಂತರೆ ಹಾಲು ಉಕ್ಕುತ್ತಿತ್ತು. ಇಷ್ಟವಾಗದವರು ನಿಂತರೆ, ಉರಿ ಎಷ್ಟೇ ಜೋರಿರಲಿ, ಹಾಲು ಪಾತ್ರೆಯ ಕಂಠದವರೆಗೆ ಬಂದು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಕೆಳಗಿಳಿದು ಬಿಡುತ್ತಿತ್ತು. ಬೇರೆ ಊರುಗಳಲ್ಲಿ ಸಾಮಾನು ಇಳಿಸುವ ದಿನ ಶಾಸ್ತ್ರಕ್ಕೆಂದು ಉಕ್ಕಿಸುತ್ತಾರಂತೆ. ನಮ್ಮಲ್ಲಿ ಬಾಡಿಗೆಯ ಮಾತು ತೆಗೆಯುವ ಮೊದಲೇ ಹಾಲು ಇಡಬೇಕು. ಉಕ್ಕಲಿಲ್ಲವೆಂದರೆ ಮುಂದೆ ಮಾತೇ ಇಲ್ಲ. ಓನರ್ ಆಗಲಿ ಬಂದವರಾಗಲಿ ಮುಖ ಗಂಟು ಹಾಕಿಕೊಳ್ಳುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಎದ್ದು ಹೋದ ಹಾಗೆ ಹೋಗುತ್ತಿದ್ದರು.

ಉಕ್ಕದ ಹಾಲನ್ನು ಚೆಲ್ಲುವಂತಿರಲಿಲ್ಲ, ಅದು ಬ್ರೋಕರ್ ಪಾಲು. ನಾನು ಅದನ್ನು ಮನೆಗೆ ತಂದು ಕಾಯಿಸಿ, ಸಕ್ಕರೆ ಹಾಕಿ, ಖೋವಾ ಮಾಡುತ್ತಿದ್ದೆ. ನನ್ನ ಮಕ್ಕಳು ದುಂಡಗಾದದ್ದೇ ಬೇರೆಯವರಿಗೆ ಸಿಗದ ಮನೆಗಳ ಖೋವಾ ತಿಂದು. ನಮ್ಮ ಅಡುಗೆಮನೆಯಿಂದ ಘಮ ಬಂದರೆ ಸಾಕು, "ಪಾಪ, ಗಂಗಮ್ಮಂಗೆ ಇವತ್ತೂ ವ್ಯಾಪಾರ ಆಗಿಲ್ಲ" ಎಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ವ್ಯಾಪಾರ ಚೆನ್ನಾಗಿ ನಡೆದ ವಾರ ನನ್ನ ಚಿಕ್ಕ ಮಗ ಮುಖ ಸಪ್ಪಗೆ ಮಾಡಿಕೊಂಡು ಓಡಾಡುತ್ತಿದ್ದ.

ಇನ್ನೊಂದು ಕಟ್ಟುನಿಟ್ಟು ಇತ್ತು. ಹಾಲು ಕಾಯುವಾಗ ಅಡುಗೆಮನೆಯಲ್ಲಿ ಮುಂದೆ ಅಲ್ಲಿ ಬಾಳುವವರು ಮಾತ್ರ ಇರಬೇಕು. ಬ್ರೋಕರ್ ಹೊಸ್ತಿಲ ಹೊರಗೆ, ಬೀದಿಗೆ ಮುಖ ಮಾಡಿ ನಿಲ್ಲಬೇಕು. ಯಾಕೆಂದರೆ ಮನೆ ಯಾರನ್ನು ನೋಡಿ ಉಕ್ಕಿಸಿತು ಎಂದು ಅನುಮಾನ ಬರಬಾರದು. ಹೊಟ್ಟೆಪಾಡಿಗೆ ಬಿದ್ದ ಕೆಲವು ಬ್ರೋಕರುಗಳು ಹಿಂದಿನ ಬಾಡಿಗೆಯವರನ್ನು ಬಚ್ಚಲಲ್ಲಿ ಬಚ್ಚಿಟ್ಟು ಹಾಲು ಉಕ್ಕಿಸಿದ್ದೂ ಉಂಟು. ಅಂಥ ಮನೆಗೆ ಹೋದವರಿಗೆ ಹೆಪ್ಪು ಹಾಕಿದ ಮೊಸರು ಗಟ್ಟಿಯಾಗುತ್ತಿರಲಿಲ್ಲ, ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ, ಗಂಡ ಹೆಂಡತಿ ಸುಮ್ಮಸುಮ್ಮನೆ ಜಗಳಕ್ಕೆ ಬೀಳುತ್ತಿದ್ದರು. ಮುಂದಿನ ಹಬ್ಬದೊಳಗೆ ಗಂಟುಮೂಟೆ ಕಟ್ಟುತ್ತಿದ್ದರು.

ನನಗೆ ಈ ಕೆಲಸ ಕಲಿಸಿದವರು ಕರಿಬಸಣ್ಣ. ನಾನು ಹಪ್ಪಳ ಮಾರಿಕೊಂಡು ಬೀದಿ ಬೀದಿ ತಿರುಗುತ್ತಿದ್ದ ಕಾಲ. ಯಾವ ಮನೆ ಖಾಲಿ, ಯಾವ ಮನೆಯಲ್ಲಿ ಅತ್ತೆ ಸೊಸೆ ಬೇರೆಯಾಗುವುದರಲ್ಲಿದ್ದಾರೆ ಎಂಬುದೆಲ್ಲ ನನಗೆ ಗೊತ್ತಿರುತ್ತಿತ್ತು. ಬಸ್ ಸ್ಟ್ಯಾಂಡಿನ ಚಹಾದಂಗಡಿ ಮುಂದೆ ಕಪ್ಪು ಕೊಡೆ ಊರಿಕೊಂಡು ಕೂರುತ್ತಿದ್ದ ಕರಿಬಸಣ್ಣ, ಹಪ್ಪಳಕ್ಕಿಂತ ನಿನ್ನ ಬಾಯಿಗೇ ಜಾಸ್ತಿ ಗಿರಾಕಿ ಇದ್ದಾರೆ, ಬಾ ನನ್ನ ಜೊತೆ ಎಂದು ಕರೆದರು. ಮೊದಲ ದಿನ ಅವರು ಹೇಳಿಕೊಟ್ಟದ್ದು ಒಂದೇ ಮಾತು: "ಮನೆ ಕೇಳ್ಕೊಂಡು ಬಂದೋರು ಈಗ ಎಲ್ಲಿದಾರೋ ಅಲ್ಲಿಗೋಗಿ ಮೊದ್ಲು ಒಂದು ಲೋಟ ನೀರು ಕುಡಿಯವ್ವ. ಆಮೇಲೆ ಬ್ಯಾರೆ ಮನೆ ತೋರ್ಸು."

ಆಗ ನನಗೆ ಇದು ಮುದುಕನ ಹುಚ್ಚು ಎನಿಸಿತ್ತು. ಹೋಗುತ್ತಾ ಹೋಗುತ್ತಾ ಅರ್ಥವಾಯಿತು. ಜನ ಬಾಯಲ್ಲಿ ದೊಡ್ಡ ಹಾಲ್ ಬೇಕು ಅನ್ನುತ್ತಾರೆ. ಅವರ ಮನೆಗೆ ಹೋಗಿ ನೋಡಿದರೆ ಇಡೀ ಸಂಸಾರ ಅಡುಗೆಮನೆಯಲ್ಲೇ ಕಾಲು ಚಾಚಿ ಕೂತಿರುತ್ತದೆ, ಆ ದೊಡ್ಡ ಹಾಲ್‌ನಲ್ಲಿ ಸೈಕಲ್ ನಿಂತಿರುತ್ತದೆ. ಅಂಥವರಿಗೆ ನಾನು ಅಡುಗೆಮನೆ ದೊಡ್ಡದಿರುವ ಮನೆ ತೋರಿಸುತ್ತಿದ್ದೆ, ಹಾಲು ಉಕ್ಕುತ್ತಿತ್ತು. ಒಬ್ಬ ಮಾಸ್ತರರು ಮಹಡಿ ಮನೆಯೇ ಆಗಬೇಕೆಂದು ಹಟ ಹಿಡಿದಿದ್ದರು. ಅವರ ತಾಯಿ ಗೋಡೆ ಹಿಡಿದುಕೊಂಡು ನಡೆಯುವುದನ್ನು ನೋಡಿ ಬಂದ ನಾನು, ಹೊಸ್ತಿಲೂ ತಗ್ಗಿರುವ ಒಂದು ಮನೆ ತೋರಿಸಿದೆ. ಮಾಸ್ತರರು ಬೈದುಕೊಂಡೇ ಹಾಲಿಟ್ಟರು, ಸ್ಟವ್ ಆರಿಹೋಗುವಷ್ಟು ಉಕ್ಕಿತು. ಆ ದಿನ ನಾನು ಖೋವಾಕ್ಕೆ ಹಾಲಿಲ್ಲದೆಯೂ ಹಾಡಿಕೊಂಡು ಮನೆಗೆ ಬಂದೆ. ಕೆಲಸದಲ್ಲಿ ಅಂಥ ಖುಷಿ ನಾನು ಆಮೇಲೆ ಕಂಡದ್ದು ಕಡಿಮೆ.

ದಾಕ್ಷಾಯಣಮ್ಮ ನನ್ನ ಹತ್ತಿರ ಬಂದದ್ದು ಒಂದು ಬೇಸಗೆಯಲ್ಲಿ. ಹೆಣ್ಣುಮಕ್ಕಳ ಅನಾಥಾಲಯದಲ್ಲಿ ಅಡುಗೆ, ಉಸ್ತುವಾರಿ ಎಲ್ಲ ಅವರದೇ. ಹರೆಯದಲ್ಲಿ ಅಲ್ಲಿಗೆ ಬಂದು ಸೇರಿದವರು, ಮದುವೆಯ ಗೋಜಿಗೆ ಹೋಗದೆ ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಊರಿನ ಅರ್ಧ ಹೆಣ್ಣುಮಕ್ಕಳು ಅವರನ್ನು ದೊಡ್ಡಕ್ಕ ಅನ್ನುತ್ತಿದ್ದರು. ಈಗ ಅವರಿಗೆ ನಿವೃತ್ತಿ. ಶಾಲೆ ತೆರೆಯುವ ಹೊತ್ತಿಗೆ ಹೊಸಬರು ಬರುತ್ತಾರೆ, ಅಷ್ಟರೊಳಗೆ ಇವರು ಅಲ್ಲಿನ ಜಾಗ ಬಿಡಬೇಕು. ಹೋಗಲು ಅಣ್ಣತಮ್ಮಂದಿರು ಯಾರೂ ಇಲ್ಲ. "ಚಿಕ್ಕದಾದ್ರೂ ಪರವಾಗಿಲ್ಲ ಗಂಗಮ್ಮ, ಬಾಗಿಲು ನಾನೇ ಹಾಕ್ಕೊಳ್ಳೋ ಹಂಗಿದ್ರೆ ಸಾಕು" ಎಂದರು. ಹುಟ್ಟಿದಂದಿನಿಂದ ತಮಗೇ ಎಂದು ಒಂದು ಬಾಗಿಲು ಇರಲಿಲ್ಲವಂತೆ.

ಮೊದಲು ತೋರಿಸಿದ್ದು ಈರುಳ್ಳಿ ಮಂಡಿಯ ರುದ್ರಮುನಿಯವರ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮೂಡಣಕ್ಕೊಂದು ಕಂಬಿಯ ಕಿಟಕಿ. ಅಲ್ಲಿ ನಿಂತರೆ ಅನಾಥಾಲಯದ ಗಂಟೆ ಕೇಳಿಸುತ್ತಿತ್ತು. ದಾಕ್ಷಾಯಣಮ್ಮ ಒಲೆಕಟ್ಟೆಯನ್ನು ಅಂಗೈಯಿಂದ ಸವರಿದರು. ಇಲ್ಲೊಂದು ಡಬ್ಬಿ, ಇಲ್ಲೊಂದು ಡಬ್ಬಿ ಎಂದು ಗೂಡಿನಲ್ಲಿ ಬೆರಳಿಟ್ಟು ತೋರಿಸಿದರು. ನನಗೆ ಆಗಲೇ ಗೊತ್ತಾಯಿತು, ಇದು ಇವರದೇ ಮನೆ. ಸ್ಟವ್ ಹಚ್ಚಿಕೊಟ್ಟು ಹೊರಗೆ ಬಂದು ಬೀದಿ ನೋಡುತ್ತಾ ನಿಂತೆ. ಕಾದೆ, ಕಾದೆ. ಕೊನೆಗೆ ಒಳಗಿನಿಂದ, ಇಲ್ಲ ಗಂಗಮ್ಮ ಎಂಬ ಸಣ್ಣ ದನಿ ಬಂತು. ಹೋಗಿ ನೋಡಿದರೆ ಸ್ಟವ್ ಆರಿಸಿ, ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಸೆರಗು ಹೊದ್ದು ನಿಂತಿದ್ದರು.

ಹೋಗಲಿ ಬಿಡಿ, ಊರಲ್ಲಿ ಮನೆಗೇನು ಬರವೇ ಎಂದು ನಾನು ಇನ್ನೊಂದು ತೋರಿಸಿದೆ. ಅಲ್ಲೂ ಇಲ್ಲ. ಮತ್ತೊಂದು, ಮಗದೊಂದು. ಸಿಡುಕು ಸಿದ್ದಪ್ಪನಿಗೂ ಉಕ್ಕಿಸಿದ್ದ ಮನೆ, ಕಳ್ಳತನ ಮಾಡಿ ಜೈಲಿಗೆ ಹೋಗಿ ಬಂದವನಿಗೂ ಉಕ್ಕಿಸಿದ್ದ ಮನೆ, ಎಲ್ಲವೂ ಈ ಹೆಂಗಸಿಗೆ ಇಲ್ಲ ಎಂದವು. ನಮ್ಮೂರಲ್ಲಿ ಒಂದೆರಡು ಮನೆ ಒಪ್ಪದಿದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಯಾವ ಮನೆಯೂ ಒಪ್ಪದಿದ್ದರೆ ಜನ ಬೇರೆ ಕಣ್ಣಿನಿಂದ ನೋಡುತ್ತಾರೆ. ಅಷ್ಟು ಒಳ್ಳೆಯವಳ ಹಾಗೆ ಕಾಣುತ್ತಾಳೆ, ಒಳಗೆ ಏನಿದೆಯೋ ಎಂದು ನಲ್ಲಿಯ ಹತ್ತಿರ ಮಾತು ಶುರುವಾಯಿತು. ಕಿರಾಣಿ ಅಂಗಡಿಯವನು ಅವರನ್ನು ಮೊದಲಿನ ಹಾಗೆ ಕರೆದು ಕೂರಿಸುವುದನ್ನು ಬಿಟ್ಟ.

ಒಂದು ಸಂಜೆ ಮತ್ತೊಂದು ಮನೆಯಿಂದ ವಾಪಸ್ಸು ಬರುವಾಗ ದಾಕ್ಷಾಯಣಮ್ಮ ದಾರಿಯಲ್ಲೇ ನಿಂತುಬಿಟ್ಟರು. "ಇನ್ನು ಬೇಡ ಗಂಗಮ್ಮ. ಇಷ್ಟು ವರ್ಷ ಊರೋರ ಜಾಗದಲ್ಲಿ ಬದುಕಿದೋಳು ನಾನು. ಈಗ ನಂಗೇ ಅಂತ ಒಂದು ಬೇಕು ಅಂದ್ರೆ ಗೋಡೆಗಳಿಗೂ ನಂಬಿಕೆ ಬರ್ತಿಲ್ಲ ಅನ್ಸುತ್ತೆ" ಎಂದರು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವುದಕ್ಕಾದರೂ ಆಗುತ್ತಿತ್ತು. ಎಲ್ಲಿಗಾದರೂ ಮಠಕ್ಕೆ ಹೋಗಿ ಅಡುಗೆ ಮಾಡಿಕೊಂಡು ಮೂಲೆಯಲ್ಲಿ ಬಿದ್ದಿರುತ್ತೇನೆ ಎಂದು ಹೇಳಿ ನಡೆದರು. ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಅವತ್ತು ಬಹಳ ಭಾರವಾಗಿತ್ತು.

ಆ ದಿನ ನಾನು ಖೋವಾ ಮಾಡಲಿಲ್ಲ. ಮಾರನೆಯ ದಿನ ಸ್ಟವ್ ತೆಗೆದುಕೊಂಡು ಹೋಗಿ ಕರಿಬಸಣ್ಣನ ಮುಂದೆ ಇಟ್ಟೆ. ಇಷ್ಟು ಒಳ್ಳೆಯವರಿಗೆ ಒಂದು ಮನೆ ಕೊಡಿಸಲಾಗದ ಮೇಲೆ ನಾನು ಯಾವ ಸೀಮೆ ಬ್ರೋಕರು, ನನಗೆ ಹಪ್ಪಳವೇ ಸಾಕು ಎಂದೆ. ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಕೇಳಿದರು: "ಆಯಮ್ಮ ಈಗಿರೋ ಜಾಗದಾಗೆ ನೀರು ಕುಡದಿಯೇನವ್ವ?"

ಎಲ್ಲಿ ಕುಡಿಯುವುದು? ಅನಾಥಾಲಯದಲ್ಲಿ ಹೊರಗಿನವರನ್ನು ಗೇಟಿನ ಆಫೀಸು ದಾಟಿ ಬಿಡುತ್ತಿರಲಿಲ್ಲ. ದಾಕ್ಷಾಯಣಮ್ಮನೇ ಯಾವಾಗಲೂ ಹೊರಗೆ ಬಂದು ನನ್ನ ಜೊತೆ ನಡೆಯುತ್ತಿದ್ದರು. ಹಾಗೆಂದಾಗ ಕರಿಬಸಣ್ಣ ಸ್ಟವ್ ಅನ್ನು ಕೊಡೆಯ ತುದಿಯಿಂದ ನನ್ನ ಕಡೆಗೇ ತಳ್ಳಿದರು. "ಹಂಗಾದ್ರೆ ಕೆಲಸ ಇನ್ನೂ ಶುರುನೇ ಆಗಿಲ್ಲಲ್ಲ. ಬಿಡೋ ಮಾತು ಯಾಕೆ ಆಡ್ತೀಯ?"

ಬೀಳ್ಕೊಡುಗೆ ಸಮಾರಂಭಕ್ಕೆ ಅನಾಥಾಲಯದ ಗೇಟು ತೆರೆದರು. ಊರವರೆಲ್ಲ ಬಂದರು, ಹಾರ, ಶಾಲು, ಭಾಷಣ. ಶಾಲು ಹೊದ್ದವರು ಕುರ್ಚಿಯಲ್ಲಿ ಕೂರಬೇಕಲ್ಲ, ಭಾಷಣ ಮುಗಿಯುವುದರೊಳಗೆ ದಾಕ್ಷಾಯಣಮ್ಮ ಕಾಣಲಿಲ್ಲ. ನಾನು ಹುಡುಕಿಕೊಂಡು ಅಡುಗೆಮನೆಗೆ ಹೋದೆ. ಶಾಲನ್ನು ಸೊಂಟಕ್ಕೆ ಕಟ್ಟಿಕೊಂಡು ಮಕ್ಕಳ ಸಂಜೆಯ ಹಾಲು ಕಾಯಿಸುತ್ತಿದ್ದರು. ನನ್ನನ್ನು ಕಂಡು ನಕ್ಕು, ಮಣೆ ಹಾಕಿ, ಲೋಟದಲ್ಲಿ ನೀರು ಕೊಟ್ಟರು. ನಾನು ಕುಡಿಯುತ್ತಾ ಮಾತಿಗೆ ಕೂತೆ. ಹೊಸದಾಗಿ ಬರುವವರಿಗೆ ಯಾವ ಮಗುವಿಗೆ ಏನು ಒಗ್ಗುವುದಿಲ್ಲ ಎಂದು ಹೇಳಿಕೊಡಬೇಕು ಎನ್ನುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಹಿಂದೆ ದೊಡ್ಡ ಪಾತ್ರೆಯಲ್ಲಿ ಹಾಲು ಭರ್ರನೆ ಏರಿತು. ಅಯ್ಯೋ ಹಾಲು ಎಂದು ನಾನು ಬಾಯಿ ತೆರೆಯುವ ಮೊದಲೇ ಅವರ ಬಲಗೈ ಹಿಂದಕ್ಕೆ ಹೋಯಿತು. ಅವರು ತಿರುಗಲೂ ಇಲ್ಲ, ಮಾತು ನಿಲ್ಲಿಸಲೂ ಇಲ್ಲ. ಕೈ ತಾನಾಗಿ ಹೋಗಿ ಉರಿ ತಗ್ಗಿಸಿ ಬಂತು. ಹಾಲು ಕಂಠದ ಹತ್ತಿರ ನಿಂತು, ಮೆಲ್ಲಗೆ ಕೆಳಗಿಳಿಯಿತು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಈಗ ಏನು ಮಾಡಿದ್ರಿ?" ಎಂದೆ. ಏನು ಮಾಡಿದೆ, ಏನೂ ಇಲ್ಲವಲ್ಲ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಈ ಒಲೆಯ ಮೇಲೆ ಯಾವಾಗಲಾದರೂ ಹಾಲು ಉಕ್ಕಿದೆಯೇ ಎಂದು ಕೇಳಿದೆ. ಒಂದೇ ಒಂದು ಸಲ ಎಂದರು.

ಅವರು ಬಂದ ಹೊಸದರಲ್ಲಿ. ಅಲ್ಲಿ ಹಾಲು ಬರುತ್ತಿದ್ದದ್ದು ತಲೆಗೊಂದು ಲೋಟದ ಲೆಕ್ಕಕ್ಕೆ. ಯಾರೋ ಕರೆದರೆಂದು ಬಾಗಿಲಿಗೆ ಹೋಗಿ ಬರುವಷ್ಟರಲ್ಲಿ ಉಕ್ಕಿ ಒಲೆಯ ಪಾಲಾಯಿತು. ಹಂಚುತ್ತಾ ಹೋದರೆ ಸಾಲಿನ ಕೊನೆಯಲ್ಲಿದ್ದ ಮಗುವಿಗೆ ಇಲ್ಲ. ಆಗಷ್ಟೇ ಬಂದು ಸೇರಿದ್ದ ಪುಟ್ಟ ಹುಡುಗಿ. ಪಾತ್ರೆ ಖಾಲಿಯಾದದ್ದನ್ನು ನೋಡಿ, ಲೋಟವನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೇಳಿತಂತೆ: "ನಂಗೆ ಹಾಲು ಇಷ್ಟ ಇಲ್ಲ ದೊಡ್ಡಕ್ಕ."

ಅಷ್ಟು ಹೇಳಿ ದಾಕ್ಷಾಯಣಮ್ಮ ಸೌಟು ಹಿಡಿದರು. ಅಂದಿನಿಂದ ಒಂದು ಹನಿಯೂ ಹೊರಗೆ ಹೋಗಿಲ್ಲ ಎಂದರು. ಇವರನ್ನು ಯಾವ ಮನೆಯೂ ಬೇಡವೆಂದಿರಲಿಲ್ಲ. ಮನೆಗಳೆಲ್ಲ ಉಕ್ಕಿಸಲು ನೋಡಿದ್ದವು, ಇವರ ಕೈಯೇ ಉಕ್ಕಲು ಬಿಟ್ಟಿರಲಿಲ್ಲ. ನಾನು ಬೀದಿಗೆ ಮುಖ ಮಾಡಿ ನಿಂತವಳು, ನೋಡುವುದಾದರೂ ಹೇಗೆ?

ಅಲ್ಲಿಂದ ಸೀದಾ ಈರುಳ್ಳಿ ಮಂಡಿಗೆ ನಡೆದೆ. ಉಳಿದ ಮನೆಗಳೆಲ್ಲ ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು. ರುದ್ರಮುನಿಯವರ ಮನೆಯೊಂದೇ ಬೀಗ ಹಾಕಿಕೊಂಡು ಕೂತಿತ್ತು. ದಾಕ್ಷಾಯಣಮ್ಮ ಹೋದ ಮೇಲೆ ಆ ಮನೆ ಯಾರಿಗೂ ಹಾಲು ಉಕ್ಕಿಸಿರಲಿಲ್ಲ. ಹೊಸದಾಗಿ ಮದುವೆಯಾದವರು, ಬ್ಯಾಂಕಿನವರು, ಯಾರು ಬಂದರೂ ಇಲ್ಲ. ಆ ಬೇಸಗೆ ನನ್ನ ಮಕ್ಕಳು ತಿಂದ ಖೋವಾದಲ್ಲಿ ಮುಕ್ಕಾಲು ಪಾಲು ಆ ಮನೆಯದೇ. ರುದ್ರಮುನಿಯವರಿಗೆ ತಲೆ ಕೆಟ್ಟಿತ್ತು. "ಅದರ ಸಹವಾಸನೇ ಬೇಡ ಗಂಗಮ್ಮ, ನಾಳೆ ಬೆಳಿಗ್ಗೆ ಮೂಟೆ ಇಳಿಸ್ತೀನಿ. ಈರುಳ್ಳಿಗಂತೂ ಹಾಲು ಉಕ್ಕಿಸ್ಬೇಕಾಗಿಲ್ಲ" ಎಂದರು. ಅವರ ಕಾಲು ಹಿಡಿಯುವುದೊಂದು ಬಾಕಿ, ಲಾರಿ ಬರುವವರೆಗೆ ಬೀಗದ ಕೈ ನನ್ನ ಹತ್ತಿರ ಇರಲಿ ಎಂದು ಒಪ್ಪಿಸಿದೆ.

ದಾಕ್ಷಾಯಣಮ್ಮನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಬೆಳಿಗ್ಗೆ ಹೋದರೆ ಮಠಕ್ಕೆ ಹೊರಡಲು ಟ್ರಂಕು ಕಟ್ಟಿದ್ದರು. ಕೈಯ ವಿಷಯ ಹೇಳಿದೆ, ನಂಬಲಿಲ್ಲ. ನಾನು ಮುಟ್ಟೇ ಇಲ್ಲ, ನನಗೆ ಸಮಾಧಾನ ಹೇಳಲು ಕಥೆ ಕಟ್ಟುತ್ತಿದ್ದೀರಿ ಎಂದರು. ಮೊದಲು ನೋಡಿದ ಮನೆಯೇ ಇನ್ನೊಂದು ಸಲ ಬೇಡ ಅಂದರೆ ತಡೆದುಕೊಳ್ಳಲು ತಮ್ಮಿಂದ ಆಗುವುದಿಲ್ಲ ಎಂದೂ ಹೇಳಿದರು. ನನಗೂ ಒಳಗೊಳಗೆ ಅದೇ ಭಯವಿತ್ತು. ಆದರೂ ಬಾಯಿ ಜೋರು ಮಾಡಿ, ಟ್ರಂಕು ನಾನೇ ಎತ್ತಿಕೊಂಡು ಹೊರಟೆ. ಟ್ರಂಕಿನ ಹಿಂದೆ ಅವರೂ ಬಂದರು, ಕೈಯಲ್ಲಿ ಹಾಲಿನ ಕ್ಯಾನು.

ಸುದ್ದಿ ಹೇಗೋ ತಿಳಿದು ಕರಿಬಸಣ್ಣನೂ ಕೊಡೆ ಊರಿಕೊಂಡು ಬಂದಿದ್ದರು. ರುದ್ರಮುನಿಯವರು ಲಾರಿಯ ದಾರಿ ನೋಡುತ್ತಾ ಜಗಲಿಯ ಮೇಲೆ ಕೂತಿದ್ದರು. ನಾನು ಸ್ಟವ್ ಹಚ್ಚಿ, ಕಿಟಕಿಯ ಪಕ್ಕದ ಕಟ್ಟೆಯ ಮೇಲಿಟ್ಟು, ಹೊರಗೆ ಬಂದೆ. ಬೀದಿಗೆ ಹೋಗಲಿಲ್ಲ. ಮನೆಯನ್ನು ಸುತ್ತಿಕೊಂಡು ಹೋಗಿ ಅಡುಗೆಮನೆಯ ಕಿಟಕಿಯ ಹೊರಗೆ ನಿಂತೆ. ಹಾಲಿಟ್ಟು, ಕಂಬಿಯ ಸಂದಿಯಿಂದ ಎರಡೂ ಕೈ ಕೊಡಿ ಎಂದೆ. ಇದೇನು ಹುಡುಗಾಟ ಎಂದು ರುದ್ರಮುನಿಯವರು ಎದ್ದು ಬಂದರು. ಕರಿಬಸಣ್ಣ ಅವರಿಗೆ, ಬ್ರೋಕರು ಹೊರಗೇ ಅದಾಳಲ್ಲ ಸ್ವಾಮಿ, ತಪ್ಪೇನೈತೆ ಎಂದು ಹೇಳಿ ಕೂರಿಸಿದರು. ದಾಕ್ಷಾಯಣಮ್ಮ ಸಂಕೋಚದಿಂದ ಕೈ ಚಾಚಿದರು. ಒರಟು ಕೈ, ಬೆರಳ ತುದಿಗಳೆಲ್ಲ ಸುಟ್ಟು ಸುಟ್ಟು ಗಟ್ಟಿಯಾಗಿದ್ದವು. ನಾನು ಮಣಿಕಟ್ಟು ಬಿಗಿಯಾಗಿ ಹಿಡಿದೆ.

ಹಾಲು ಕಾಯುವವರೆಗೆ ಇಬ್ಬರೂ ಏನೇನೋ ಮಾತಾಡಿದೆವು. ಯಾವ ಅಂಗಡಿಯ ತೊಗರಿಬೇಳೆ ಬೇಗ ಬೇಯುತ್ತದೆ ಎಂದು ಮಾತಾಡಿದ ನೆನಪು. ನಡುವೆ ಒಮ್ಮೆಲೇ ಅವರ ಬಲಗೈ ನನ್ನ ಹಿಡಿತದಲ್ಲಿ ಜಗ್ಗಿತು. ಅವರು ನನ್ನನ್ನೇ ನೋಡುತ್ತಿದ್ದರು, ಒಲೆಯ ಕಡೆ ಕಣ್ಣೂ ಹೊರಳಿಸಿರಲಿಲ್ಲ. ಕೈ ಮಾತ್ರ ಹಗ್ಗ ಕಟ್ಟಿದ ಕರುವಿನ ಹಾಗೆ ಎಳೆಯಿತು. ಆಗ ಅವರಿಗೂ ಗೊತ್ತಾಯಿತು, ಬೆರಗಾಗಿ ತಮ್ಮ ಕೈಯನ್ನೇ ನೋಡಿಕೊಂಡರು. "ಬಿಡಿ ಗಂಗಮ್ಮ, ಚೆಲ್ಲೋಗುತ್ತೆ" ಎಂದರು. ಬಿಡಲಿಲ್ಲ. ನನ್ನ ಬಳೆ ಒಡೆಯಿತು, ಆದರೂ ಬಿಡಲಿಲ್ಲ. "ಮಕ್ಕಳಿಗೆ ಸಾಲಲ್ಲ, ಬಿಡಿ" ಎಂದರು. "ಇದು ನಿಮ್ಮನೆ ಹಾಲು ದಾಕ್ಷಾಯಣಮ್ಮ, ಚೆಲ್ಲಿದ್ರೆ ಚೆಲ್ಲಲಿ" ಎಂದೆ.

ಚುಂಯ್ ಎಂದು ಸದ್ದಾಯಿತು. ಹಾಲು ಪಾತ್ರೆಯ ಸುತ್ತಲೂ ಉಕ್ಕಿ, ಸ್ಟವ್ ಆರಿಸಿ, ಕಟ್ಟೆಯ ಮೇಲೆ ಹರಿದು, ನೆಲಕ್ಕೆ ಇಳಿಯಿತು. ಅಷ್ಟು ದಿನ ತಡೆದುಕೊಂಡದ್ದನ್ನೆಲ್ಲ ಆ ಮನೆ ಒಂದೇ ಸಲಕ್ಕೆ ಮಾಡಿ ಮುಗಿಸಿತೋ ಏನೋ, ಹಾಲು ಹಾಗೆ ಉಕ್ಕಿದ್ದನ್ನು ನಾನು ಇನ್ನೊಮ್ಮೆ ಕಂಡಿಲ್ಲ. ಕೈ ಬಿಟ್ಟ ಕೂಡಲೇ ದಾಕ್ಷಾಯಣಮ್ಮ ಓಡಿ ಹೋಗಿ, ಬಟ್ಟೆ ಸಿಗದೆ ಸೆರಗಿನಿಂದಲೇ ನೆಲ ಒರೆಸಲು ಕೂತರು. ಒರೆಸುತ್ತಾ ಒರೆಸುತ್ತಾ ಅತ್ತುಬಿಟ್ಟರು. ನಾನು ಒಳಗೆ ಹೋಗಿ ಪಕ್ಕದಲ್ಲಿ ಕೂತೆ, ನನಗೂ ಅಳು ಬಂತು. ಹೊರಗೆ ಬಂದು ನಿಂತ ಲಾರಿಯವನನ್ನು ರುದ್ರಮುನಿಯವರು ವಾಪಸ್ಸು ಕಳಿಸುವ ಸದ್ದು ಕೇಳಿಸಿತು.

ಉಕ್ಕಿ ಉಳಿದ ಹಾಲಿಗೆ ಸಕ್ಕರೆ ಹಾಕಿ ಓನರಿಗೆ, ಬ್ರೋಕರಿಗೆ, ಆಮೇಲೆ ಮನೆಯವರಿಗೆ ಎಂದು ಹಂಚಬೇಕು. ದಾಕ್ಷಾಯಣಮ್ಮ ಟ್ರಂಕು ತೆರೆದು ಲೋಟ ಜೋಡಿಸಿದರು. ರುದ್ರಮುನಿಯವರಿಗೆ ಕೊಟ್ಟರು, ಕರಿಬಸಣ್ಣನಿಗೆ ಕೊಟ್ಟರು, ನನಗೆ ಕೊಟ್ಟರು. ಪಾತ್ರೆ ಬಗ್ಗಿಸಿದರು, ಏನೂ ಬೀಳಲಿಲ್ಲ. ಚೆಲ್ಲಿದ್ದೇ ಅಷ್ಟಿತ್ತಲ್ಲ. ಅವರು ಖಾಲಿ ಲೋಟವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

"ಕುಡೀರಿ, ಕುಡೀರಿ. ನಂಗೆ ಹಾಲು ಅಷ್ಟು ಇಷ್ಟ ಇಲ್ಲ" ಎಂದರು.

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿರಬೇಕು. ಹಾಗೇ ನಿಂತುಬಿಟ್ಟರು. ನಾನು ಎದ್ದು ಹೋಗಿ ಬೆನ್ನ ಹಿಂದಿದ್ದ ಲೋಟ ಈಚೆ ತೆಗೆದು, ನನ್ನದರಲ್ಲಿ ಅರ್ಧ ಅದಕ್ಕೆ ಸುರಿದೆ. ಕರಿಬಸಣ್ಣ ತಮ್ಮದನ್ನೂ ಮುಂದೆ ಚಾಚಿದರು. ರುದ್ರಮುನಿಯವರು ಆಗಲೇ ಬಾಯಿಗೆ ಇಟ್ಟಿದ್ದ ಲೋಟ ಕೆಳಗಿಳಿಸಿ ನಾಚಿಕೊಂಡರು. ದೂರದಲ್ಲಿ ಅನಾಥಾಲಯದ ಗಂಟೆ ಹೊಡೆಯಿತು, ಅಲ್ಲಿ ಬೇರೆ ಯಾರೋ ಹಾಲು ಹಂಚುವ ಹೊತ್ತು. ದಾಕ್ಷಾಯಣಮ್ಮ ತಮ್ಮ ಕಟ್ಟೆಗೆ ಒರಗಿ, ಎರಡೂ ಕೈಯಲ್ಲಿ ಲೋಟ ಹಿಡಿದು, ತಳದ ಸಕ್ಕರೆಯವರೆಗೂ ಕುಡಿದರು.